ಜ್ವರಕ್ಕೆ ಹೆಸರು ಸಿಗುವ ಮುನ್ನ

2026ರ ಜನವರಿಯಲ್ಲಿ ಕೋಲ್ಕತ್ತದ ಅಲಿಪುರ ಮೃಗಾಲಯದ ಬಾವಲಿಗಳನ್ನು ಹಿಡಿದು ನಿಪಾ ವೈರಾಣುವಿಗಾಗಿ ಪರೀಕ್ಷಿಸಲಾಯಿತು. ಅದಕ್ಕೆ ಕೆಲವು ದಿನ ಮೊದಲು, ನಗರದ ಉತ್ತರಕ್ಕಿರುವ ಬಾರಾಸತ್‌ನ ಖಾಸಗಿ ಆಸ್ಪತ್ರೆಯ ಇಬ್ಬರಲ್ಲಿ ನಿಪಾ ಪತ್ತೆಯಾಗಿತ್ತು. ಹಣ್ಣು ತಿನ್ನುವ ದೊಡ್ಡ ಬಾವಲಿಗಳೇ ಈ ವೈರಾಣುವಿನ ತವರು. ಹಾಗಾಗಿ ಎಲ್ಲರ ಕಣ್ಣು ಮರಗಳತ್ತ ಹೋಯಿತು. ನನ್ನನ್ನು ಕಾಡಿದ್ದು ಮಾತ್ರ ಆ ಇಬ್ಬರ ವೃತ್ತಿ. ಇಬ್ಬರೂ ನರ್ಸ್‌ಗಳು.

ಬಂಗಾಳ ಇದನ್ನು ಮೊದಲೇ ಕಂಡಿದೆ. 2001ರ ಆರಂಭದಲ್ಲಿ ಸಿಲಿಗುರಿಯಲ್ಲಿ 66 ಜನರಿಗೆ ಮಿದುಳು ಜ್ವರ ಬಂತು, 45 ಮಂದಿ ತೀರಿಕೊಂಡರು. ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಸ್ಪತ್ರೆಯ ಸಿಬ್ಬಂದಿ, ಇಲ್ಲವೇ ಅಲ್ಲಿದ್ದವರನ್ನು ನೋಡಲು ಹೋದವರು. ಅದು ನಿಪಾ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಕಾಪಿಟ್ಟಿದ್ದ ಮಾದರಿಗಳನ್ನು ಮುಂದೆ ಪರೀಕ್ಷಿಸಿದಾಗಲೇ ಗೊತ್ತಾದದ್ದು.

ನಮ್ಮ ಪಕ್ಕದ ಕೇರಳದಲ್ಲೂ ಹೀಗೆಯೇ ಆಯಿತು. 2018ರ ಮೇ ತಿಂಗಳ ಮೊದಲ ವಾರ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಗೆ ಬಂದ ಮೊದಲ ರೋಗಿಯನ್ನು ನೋಡಿಕೊಂಡವರಲ್ಲಿ ನರ್ಸ್ ಲಿನಿ ಒಬ್ಬರು. ಆ ರೋಗಿಯನ್ನು ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿಗೆ ಸಾಗಿಸಿದ ಮೇಲೆ, ಸ್ಕ್ಯಾನ್ ಕೊಠಡಿಯ ಬಳಿಯ ಕಾರಿಡಾರ್‌ನಲ್ಲಿದ್ದ ಹಲವರಿಗೂ ಸೋಂಕು ಅಂಟಿತು. ಆ ರೋಗಿಯ ಕುಟುಂಬದ ಇನ್ನೊಬ್ಬರು ಹಾಸಿಗೆ ಹಿಡಿದಾಗ ಕೋಯಿಕ್ಕೋಡ್‌ನ ವೈದ್ಯರಿಗೆ ಅನುಮಾನ ಬಂದು, ಮಾದರಿಗಳು ನಮ್ಮ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಬಂದವು. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ನಿಪಾವನ್ನು ಗುರುತಿಸಿತು. ಮೇ 21ರಂದು ಲಿನಿ ತೀರಿಕೊಂಡರು. ಅವರಿಗೆ ಸೋಂಕು ತಗುಲಿದ ದಿನ ಆ ಜ್ವರಕ್ಕೆ ಹೆಸರೇ ಇರಲಿಲ್ಲ.

ಸರ್ಕಾರ ಎಚ್ಚರಿಕೆ ಹೊರಡಿಸಿದ ಮೇಲೆ ತಲೆಯಿಂದ ಕಾಲಿನವರೆಗೆ ಮುಚ್ಚುವ ಪಿಪಿಇ ಕಿಟ್ ತರಿಸುವ ಪದ್ಧತಿ ಅದಕ್ಕೇ ಸಾಲದು. ಕೆಮ್ಮುವ, ಪ್ರಜ್ಞೆ ತಪ್ಪುತ್ತಿರುವ ಪ್ರತಿ ರೋಗಿಯ ಹತ್ತಿರವೂ ಮೊದಲ ಗಳಿಗೆಯಿಂದಲೇ ಮಾಸ್ಕ್, ಕೈಗವಸು, ಕೈತೊಳೆತ ಇರಬೇಕು.

ಎನ್‌95 ಮಾಸ್ಕ್ ಕೆಲಸ ಮಾಡುವ ಬಗೆ ಸೊಗಸಾದದ್ದು. ಅದರ ಎಳೆಗಳ ನಡುವಿನ ಕಿಂಡಿಗಳು ವೈರಾಣುವಿಗಿಂತ ಬಹಳ ದೊಡ್ಡವು. ಅಂದರೆ ಅದು ಜರಡಿಯಂತೆ ಸೋಸುವುದಿಲ್ಲ. ದಪ್ಪ ಕಣಗಳು ಎಳೆಗಳನ್ನು ಸುತ್ತಿ ತಿರುಗಲಾರದೆ ಡಿಕ್ಕಿ ಹೊಡೆಯುತ್ತವೆ. ತೀರಾ ಸಣ್ಣವು ಗಾಳಿಯ ಅಣುಗಳ ತಳ್ಳಾಟಕ್ಕೆ ಅಡ್ಡಾದಿಡ್ಡಿ ಅಲೆದು ಅಂಟಿಕೊಳ್ಳುತ್ತವೆ. ಹಿಡಿಯಲು ಕಷ್ಟವಾದದ್ದು ನಡುವಿನ ಗಾತ್ರ, ಸುಮಾರು 0.3 ಮೈಕ್ರಾನ್. ಅವನ್ನು ಎಳೆಗಳಲ್ಲಿ ತುಂಬಿಟ್ಟ ಸ್ಥಿರ ವಿದ್ಯುತ್ ಸೆಳೆಯುತ್ತದೆ. ಆ ಗಾತ್ರದ ಕಣಗಳಲ್ಲೂ ಕನಿಷ್ಠ ನೂರಕ್ಕೆ 95 ತಡೆಯಬೇಕೆಂಬುದು ನಿಯಮ. ಸೋಪುನೀರಿನಲ್ಲಿ ತೊಳೆದರೆ ಆ ವಿದ್ಯುತ್ ಹೊರಟುಹೋಗುತ್ತದೆ. ಕೆನ್ನೆಯ ಬಳಿ ಸಂದು ಬಿಟ್ಟರೂ ಫಲವಿಲ್ಲ.

ಮಾಸ್ಕಿಗಿಂತ ಮೊದಲು ಕೆಲಸ ಮಾಡಬೇಕಾದದ್ದು ಗಾಳಿ. ಕೊಠಡಿಯ ಗಾಳಿ ಗಂಟೆಗೆ 12 ಸಲ ಬದಲಾದರೆ, ತೇಲುವ ಕಣಗಳಲ್ಲಿ ನೂರಕ್ಕೆ 99 ಸುಮಾರು 23 ನಿಮಿಷದಲ್ಲಿ ಹೋಗುತ್ತವೆ. ಎರಡೇ ಸಲ ಬದಲಾದರೆ ಎರಡು ಗಂಟೆಗೂ ಹೆಚ್ಚು ಬೇಕು. ಎದುರುಬದುರು ಕಿಟಕಿಗಳಿರುವ ಎತ್ತರದ ಸೂರಿನ ಹಳೆಯ ವಾರ್ಡುಗಳು ಇದನ್ನು ವಿದ್ಯುತ್ತಿಲ್ಲದೆ ಮಾಡಬಲ್ಲವು. ಅಂಥ ಕಿಟಕಿಗಳನ್ನು ಮುಚ್ಚಿ ಎಸಿ ಕೂರಿಸುವುದನ್ನು ನಾನು ಅಭಿವೃದ್ಧಿ ಎನ್ನಲಾರೆ.

ಕಿಟ್ ತೊಡುವುದಕ್ಕಿಂತ ಕಳಚುವಾಗ ಅಪಾಯ ಹೆಚ್ಚು. ಹೊರಮೈ ಮುಟ್ಟಿದ ಕೈ ಕಣ್ಣಿಗೆ ಹೋದರೆ ಅಷ್ಟೂ ಶ್ರಮ ವ್ಯರ್ಥ. ಸತತ ಪಾಳಿಯಲ್ಲಿ ದಣಿದವರಿಗೆ ಈ ಎಚ್ಚರ ಉಳಿಯುವುದು ಕಷ್ಟ. ಕೋವಿಡ್ ಹರಡಿದ್ದ 2020ರ ಮೇನಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರ ಮತ್ತಿತರ ರಾಜ್ಯಗಳ ನೂರಾರು ನರ್ಸ್‌ಗಳು ಕೆಲಸ ಬಿಟ್ಟು ಊರಿಗೆ ಹೊರಟರು. ಅವರ ದೂರುಗಳಲ್ಲಿ ರಕ್ಷಣೆಯ ಕೊರತೆಯ ಜೊತೆಗೆ ನೆರೆಹೊರೆಯವರ ತಿರಸ್ಕಾರವೂ ಇತ್ತು.

2003ರ ಸಾರ್ಸ್ ಸೋಂಕಿನ 8,096 ರೋಗಿಗಳಲ್ಲಿ 1,706 ಮಂದಿ ಆರೋಗ್ಯ ಸಿಬ್ಬಂದಿ. ಮುಂದಿನ ಸೋಂಕು ಬರುವ ತನಕ ಕಾಯದೆ, ನಮ್ಮ ಆಸ್ಪತ್ರೆಗಳು ಹೊರಗುತ್ತಿಗೆಯ ಆಯಾ, ಸ್ವಚ್ಛತಾ ಸಿಬ್ಬಂದಿಯವರೆಗೂ ಮುಖಕ್ಕೆ ಹೊಂದುವ ಮಾಸ್ಕ್, ಅದನ್ನು ತೊಡುವ ತರಬೇತಿ, ಜ್ವರ ಬಂದರೆ ಸಂಬಳ ಕಡಿತವಿಲ್ಲದ ರಜೆ ಕೊಡಲಿ. ನೀವು ರೋಗಿಯನ್ನು ನೋಡಲು ಹೋಗುವುದಾದರೆ ಒಬ್ಬರೇ ಹೋಗಿ, ಮಾಸ್ಕ್ ಹಾಕಿ, ಬೇಗ ಹೊರಬನ್ನಿ.