ಬಚ್ಚಲ ಗೋಡೆಗೆ ಟೈಲು: ಮೊದಲು ನೀರನ್ನು ನೋಡಿರಿ

ನಾಲ್ಕಡಿ ಅಗಲ, ಆರಡಿ ಉದ್ದದ ನಮ್ಮ ಬಚ್ಚಲಮನೆಗೆ ಮೂರು ವರ್ಷಗಳ ಹಿಂದೆ ಕಡುನೀಲಿ ಟೈಲುಗಳನ್ನು ಕೂಡಿಸಿದೆವು. ಅಂಗಡಿಯ ಬೆಳಕಿನಲ್ಲಿ ಅವು ಕನ್ನಡಿಯಂತೆ ಹೊಳೆದಿದ್ದವು. ಎರಡು ತಿಂಗಳು ಕಳೆಯುವಷ್ಟರಲ್ಲಿ ನಲ್ಲಿಯ ಸುತ್ತ ಸುಣ್ಣ ಬಳಿದಂತೆ ಬಿಳಿಯ ಪೊರೆ ಕಟ್ಟಿತು. ಕೊಳವೆಬಾವಿಯ ನೀರನ್ನು ಮರೆತು ಬಣ್ಣ ಆರಿಸಿದ ತಪ್ಪು ನಮ್ಮದೇ.

ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಕಪ್ಪುಶಿಲೆಯ ಆಳದಿಂದ ಬರುವ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಹನಿ ಆರಿದರೂ ಲವಣ ಗೋಡೆಯ ಮೇಲೆಯೇ ಉಳಿಯುತ್ತದೆ. ಹೊಳಪಿನ ಕಡುಬಣ್ಣದ ಮೇಲೆ ಅದು ಎದ್ದು ಕಾಣುತ್ತದೆ. ದಂತವರ್ಣದಲ್ಲಿಯೂ ತಿಳಿಬೂದಿಯಲ್ಲಿಯೂ ಅಡಗಿರುತ್ತದೆ.

ಕಲೆ ತೆಗೆಯಲು ಆಸಿಡ್ ಸುರಿಯುವುದು ನಮ್ಮಲ್ಲಿ ರೂಢಿ. ಲವಣವನ್ನು ಕರಗಿಸುವ ಆಸಿಡ್ ಟೈಲುಗಳ ನಡುವಣ ಸಿಮೆಂಟಿನ ಸಂದನ್ನೂ ತಿನ್ನುತ್ತದೆ. ಸಂದು ಸಡಿಲಾದರೆ ನೀರು ಒಳಗಿಳಿದು ಗೋಡೆ ನೆನೆಯುತ್ತದೆ. ಇಕ್ಕಟ್ಟಿನ ಕೋಣೆಯಲ್ಲಿ ಅದರ ಹೊಗೆಯೂ ಉಸಿರಿಗೆ ಕೇಡು. ನಮ್ಮ ತಾಯಿ ಕೆಮ್ಮುತ್ತ ಹೊರಬಂದ ದಿನವೇ ಆ ಸೀಸೆ ಮನೆ ಬಿಟ್ಟಿತು.

ಆದುದರಿಂದ ಕೊಳ್ಳುವ ಮೊದಲು ಎರಡು ಮಾದರಿ ಟೈಲುಗಳನ್ನು ಮನೆಗೆ ತನ್ನಿರಿ. ನಿಮ್ಮ ನಲ್ಲಿಯ ನೀರನ್ನು ಅವುಗಳ ಮೇಲೆ ಚಿಮುಕಿಸಿ, ಬಿಸಿಲಿನಲ್ಲಿ ಆರಲು ಬಿಡಿರಿ. ನಾಲ್ಕಾರು ಸಲ ಹೀಗೆ ಮಾಡಿದರೆ ಅಂಗಡಿಯವರು ಹೇಳದ ಮಾತನ್ನು ಟೈಲೇ ಹೇಳುತ್ತದೆ. ಉಬ್ಬುಚಿತ್ತಾರದ ಟೈಲು ಬೇಡ. ಅದರ ಮೂಲೆಗಳಲ್ಲಿ ಸಾಬೂನಿನ ಜಿಡ್ಡು ಕೂಡುತ್ತದೆ. ಗೋಡೆಗೆ ನುಣುಪು, ನೆಲಕ್ಕೆ ಒರಟು ಇರಲಿ. ಎಪಾಕ್ಸಿ ಸಂದುಪುಡಿಗೆ ಬೆಲೆ ಹೆಚ್ಚು. ನೀರು ಸಿಡಿಯುವ ಗೋಡೆಗಾದರೂ ಅದನ್ನು ಬಳಸುವುದು ಲೇಸು.

ಟೈಲು ದೊಡ್ಡದಾದಷ್ಟೂ ಸಂದು ಕಡಿಮೆ, ಆದರೆ ಚಿಕ್ಕ ಕೋಣೆಯಲ್ಲಿ ಕತ್ತರಿಸಿ ಹಾಳಾಗುವುದು ಹೆಚ್ಚು. 12 ಅಂಗುಲ ಅಗಲ, 18 ಅಂಗುಲ ಉದ್ದದ್ದು ನಮಗೆ ಹಿಡಿಸಿತು. ಲೆಕ್ಕವನ್ನು ಶಾಲೆಗೆ ಹೋಗುವ ಮಗಳಿಗೇ ಒಪ್ಪಿಸಿದೆ. ಸುತ್ತಳತೆ 20 ಅಡಿ, ಎತ್ತರ 7 ಅಡಿ: 140 ಚದರ ಅಡಿ. ಎರಡೂವರೆ ಅಡಿಯ ಬಾಗಿಲನ್ನು ಕಳೆದರೆ 122.5. ಒಡಕಿಗೆಂದು ನೂರಕ್ಕೆ ಹತ್ತು ಸೇರಿಸಿದಳು. ಒಂದೂವರೆ ಚದರ ಅಡಿಯ ಟೈಲುಗಳು 90 ಬೇಕೆಂದಳು. ಮೇಸ್ತ್ರಿ 110 ಎಂದಿದ್ದರು!

ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಶೇಡ್ ಸಂಖ್ಯೆ ಇದೆಯೇ ನೋಡಿಕೊಳ್ಳಿರಿ. ಉಳಿದ ನಾಲ್ಕೈದನ್ನು ಅಟ್ಟದ ಮೇಲಿಡಿರಿ. ಮುಂದೆ ಕೊಳವೆ ಸೋರಿ ಗೋಡೆ ಒಡೆಯಬೇಕಾದಾಗ ಅದೇ ಬಣ್ಣ ಪೇಟೆಯಲ್ಲಿ ಸಿಗುವುದು ಕಷ್ಟ.

ಈ ಬೇಸಿಗೆಯಲ್ಲಿ ನಲ್ಲಿಯ ಗೋಡೆಯೊಂದನ್ನು ಮಾತ್ರ ದಂತವರ್ಣಕ್ಕೆ ಬದಲಿಸಲಿದ್ದೇವೆ. ಉಳಿದ ಮೂರು ನೀಲಿಯಾಗಿಯೇ ಇರುತ್ತವೆ. ಸ್ನಾನವಾದೊಡನೆ ಒಣಬಟ್ಟೆಯಿಂದ ಒರೆಸುವ ಸರದಿ ಮಕ್ಕಳದು.