ಗಿಟಾರಿನ ಮೆಟ್ಟಿಲು: ಗಣಿತದ ಪಾಲೆಷ್ಟು, ಕೈಯ ಪಾಲೆಷ್ಟು?

ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆಗಳ ಕನ್ನಡ ಕುಟುಂಬಗಳಲ್ಲಿ ಮಕ್ಕಳಿಗೆ ಸಂಗೀತ ಕಲಿಸಬೇಕೆಂಬ ಹಂಬಲ ಹೊಸತಲ್ಲ. ಬದಲಾದದ್ದು ವಾದ್ಯ. ವೀಣೆಯ ಹೆಸರು ಹೇಳುವ ಹಿರಿಯರ ಮುಂದೆ ಮೊಮ್ಮಗ ಗಿಟಾರ್ ಬೇಕೆನ್ನುತ್ತಾನೆ. ಕೆಲವು ವರ್ಷ ಅಭ್ಯಾಸವಾದ ಮೇಲೆ ಅದೇ ಗಿಟಾರಿನಲ್ಲಿ ತೋಡಿ, ಭೈರವಿಗಳ ಗಮಕವನ್ನು ನುಡಿಸಲು ಹೊರಡುತ್ತಾನೆ. ಅಲ್ಲಿ ತೊಡಕು ಶುರುವಾಗುತ್ತದೆ. ತಂತಿ ಎಳೆದಷ್ಟು ಬರುವುದಿಲ್ಲ, ಬೆರಳು ಮರಕ್ಕೆ ತಾಗಿ ನಿಲ್ಲುತ್ತದೆ, ಹೆಬ್ಬೆರಳಿನ ಬುಡ ನೋಯುತ್ತದೆ. ತಪ್ಪು ತನ್ನದೇ ಎಂದು ಹುಡುಗ ತಿಳಿಯುತ್ತಾನೆ. ಎಷ್ಟೋ ಸಲ ಅದು ಅವನ ತಪ್ಪಲ್ಲ. ದಂಡಿಯ ಅಳತೆ ಮತ್ತು ಮೆಟ್ಟಿಲಿನ ತಂತಿಯ ಆಯ್ಕೆ ಅವನ ಕೈಗೂ ಅವನ ಸಂಗೀತಕ್ಕೂ ಒಗ್ಗದೆ ಇರುವುದೇ ಕಾರಣ.

ಗಿಟಾರಿನ ನೆಕ್ ಎಂದರೆ ವೀಣೆಯ ದಂಡಿ. ಫ್ರೆಟ್ ಎಂದರೆ ಮೆಟ್ಟಿಲು. ಈ ಎರಡನ್ನೂ ಕುರಿತು ಚಿಂತಿಸಿದ ಪರಂಪರೆ ನಮ್ಮದೇ ನೆಲದ್ದು. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ 'ಸ್ವರಮೇಳಕಲಾನಿಧಿ'ಯಲ್ಲಿ ವೀಣೆಯ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಇಡಬೇಕೆಂಬ ವಿಚಾರವಿದೆ. ಮುಂದೆ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ವೀಣೆಗೆ 24 ಮೆಟ್ಟಿಲುಗಳು ಸ್ಥಿರವಾದುವೆಂದು ಸಂಪ್ರದಾಯ ಹೇಳುತ್ತದೆ. ಆ ಆಸ್ಥಾನದ ಮಂತ್ರಿ ಗೋವಿಂದ ದೀಕ್ಷಿತರು ಹೊಯ್ಸಳ ಕರ್ನಾಟಕ ಬ್ರಾಹ್ಮಣ ಮನೆತನದವರು; 72 ಮೇಳಗಳನ್ನು ವ್ಯವಸ್ಥೆಗೊಳಿಸಿದ 'ಚತುರ್ದಂಡೀ ಪ್ರಕಾಶಿಕೆ'ಯ ಕರ್ತೃ ವೆಂಕಟಮಖಿ ಅವರ ಮಗ. ತಮಿಳು ನೆಲದಲ್ಲಿ ನೆಲೆಸಿದ ಕನ್ನಡ ಮೂಲದ ಮನೆತನವೊಂದು ದಕ್ಷಿಣದ ಸಂಗೀತಕ್ಕೆ ಇತ್ತ ಕೊಡುಗೆ ಇದು. 'ಮೇಳ' ಎಂಬ ಮಾತು ರಾಗಗಳ ವರ್ಗಕ್ಕೂ ವೀಣೆಯ ಮೆಟ್ಟಿಲುಗಳ ಜೋಡಣೆಗೂ ಒಂದೇ ಆಗಿರುವುದು ಗಮನಾರ್ಹ.

ವೀಣೆಗೆ ಮೇಳ ಕಟ್ಟುವವರು ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ, ಆ ಮೇಣದ ದಿಂಡಿನ ಮೇಲೆ ಲೋಹದ ಮೆಟ್ಟಿಲನ್ನು ಕೂರಿಸುತ್ತಾರೆ. ತಂತಿಯನ್ನು ಮೀಟಿ, ಕಿವಿಗೊಟ್ಟು, ಮೆಟ್ಟಿಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಸ್ವರವನ್ನು ಹಿಡಿಯುತ್ತಾರೆ. ಕಾಲಕ್ರಮದಲ್ಲಿ ಮೇಣ ಸಡಿಲವಾದರೆ ಮತ್ತೆ ಮೇಳ ಕಟ್ಟಿಸಬಹುದು. ಗಿಟಾರಿನಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಮರದಲ್ಲಿ ಸುಮಾರು 0.6 ಮಿ.ಮೀ. ಅಗಲದ ಸೀಳು ಕೊಯ್ದು, ಲೋಹದ ತಂತಿಯನ್ನು ಅದರೊಳಕ್ಕೆ ಬಡಿದು ಇಳಿಸುತ್ತಾರೆ. ಸೀಳು ಒಮ್ಮೆ ಬಿದ್ದರೆ ಬಿದ್ದಂತೆಯೇ. ಆದಕಾರಣ ಕೊಯ್ಯುವ ಮುನ್ನ ಯೋಚಿಸಬೇಕಾದದ್ದು ಹೆಚ್ಚು.

ಮೊದಲು ಗಣಿತದ ಪಾಲು. ತಲೆಯ ಬಳಿಯ ಮೇರುವಿನಿಂದ ಕುದುರೆಯವರೆಗೆ ತಂತಿ ಮಿಡಿಯುವ ಉದ್ದಕ್ಕೆ ಸ್ಕೇಲ್ ಎನ್ನುತ್ತಾರೆ. ಆ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ ದೊರೆಯುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋಗಬೇಕು. 648 ಮಿ.ಮೀ. ಸ್ಕೇಲಿನ ಗಿಟಾರಿನಲ್ಲಿ ಮೊದಲನೆಯದು 36.37 ಮಿ.ಮೀ. ದೂರದಲ್ಲಿಯೂ, ಮೇಲಿನ ಷಡ್ಜವನ್ನು ಕೊಡುವ ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 324 ಮಿ.ಮೀ. ದೂರದಲ್ಲಿಯೂ ಬರುತ್ತದೆ. ನುರಿತ ಕೆಲಸಗಾರನು ಪ್ರತಿ ಮೆಟ್ಟಿಲನ್ನೂ ಮೇರುವಿನಿಂದಲೇ ಅಳೆಯುತ್ತಾನೆ. ಹಿಂದಿನ ಮೆಟ್ಟಿಲಿನಿಂದ ಅಳೆದರೆ ಸಣ್ಣ ತಪ್ಪುಗಳು ಕೂಡುತ್ತ ದೊಡ್ಡದಾಗುತ್ತವೆ.

ಈ ಲೆಕ್ಕ ಸ್ವರಾಷ್ಟಕವನ್ನು ಹನ್ನೆರಡು ಸಮಪಾಲು ಮಾಡುತ್ತದೆ. ನಮ್ಮ ಕಿವಿ ಬಯಸುವುದು ಯಾವಾಗಲೂ ಸಮಪಾಲನ್ನಲ್ಲ. 5:4 ಎಂಬ ಶುದ್ಧ ಅನುಪಾತದ ಅಂತರ ಗಾಂಧಾರ ಇದೇ ಗಿಟಾರಿನಲ್ಲಿ 129.6 ಮಿ.ಮೀ. ದೂರದಲ್ಲಿ ನುಡಿಯಬೇಕು, ಲೆಕ್ಕದ ನಾಲ್ಕನೆಯ ಮೆಟ್ಟಿಲು ಕೂರುವುದು 133.7 ಮಿ.ಮೀ. ದೂರದಲ್ಲಿ. ನಾಲ್ಕು ಮಿ.ಮೀ.ಗಿಂತ ತುಸು ಹೆಚ್ಚಿನ ಈ ಅಂತರವನ್ನು ವೀಣೆಯ ಮೇಣ ತೀರಿಸಬಲ್ಲದು. ಗಿಟಾರಿನ ಸೀಳು ತೀರಿಸಲಾರದು. ಆದರೆ ಕರ್ನಾಟಕ ಸಂಗೀತದ ಜೀವ ನಿಂತ ಸ್ವರಕ್ಕಿಂತ ಹೆಚ್ಚಾಗಿ ಓಲಾಡುವ ಸ್ವರದಲ್ಲಿದೆ. ಮೆಟ್ಟಿಲಿನ ಜಾಗ ಕೊಡದ ಗಮಕವನ್ನು ಎಳೆತ ಕೊಡುತ್ತದೆ. ಆ ಎಳೆತಕ್ಕೆ ಅನುವು ಮಾಡಿಕೊಡುವುದು ದಂಡಿಯ ಅಳತೆ ಮತ್ತು ಮೆಟ್ಟಿಲಿನ ಎತ್ತರ. ಇದು ಕೈಯ ಪಾಲು.

ಮೆಟ್ಟಿಲಿನ ತಂತಿಗೆ ಅಗಲ ಮತ್ತು ಎತ್ತರ ಎಂಬ ಎರಡು ಅಳತೆಗಳು ಮುಖ್ಯ. ಹಳೆಯ ಮಾದರಿಯ ಸಣ್ಣ ತಂತಿ ಸುಮಾರು 2 ಮಿ.ಮೀ. ಅಗಲ, 1.1 ಮಿ.ಮೀ. ಎತ್ತರ ಇರುತ್ತದೆ. ಜಂಬೋ ಎನ್ನುವ ದಪ್ಪ ತಂತಿ 2.8 ಮಿ.ಮೀ. ಅಗಲ, 1.4 ಮಿ.ಮೀ. ಎತ್ತರದ್ದು. ನಡುವೆ 2.3 ಮಿ.ಮೀ. ಅಗಲ, 1.4 ಮಿ.ಮೀ. ಎತ್ತರದ ಕಿರಿದಾದ ಎತ್ತರದ ತಂತಿಯೂ ದೊರೆಯುತ್ತದೆ. ಎತ್ತರ ಹೆಚ್ಚಾದಂತೆ ಬೆರಳು ಮರಕ್ಕೆ ತಾಗುವುದು ಕಡಮೆಯಾಗಿ ಎಳೆತ ಹಗುರಾಗುತ್ತದೆ. ವೀಣೆಯ ಎತ್ತರದ ಮೆಟ್ಟಿಲಿನ ಮೇಲೆ ಒಂದೇ ಮನೆಯಿಂದ ಹಲವು ಸ್ವರಗಳನ್ನು ಎಳೆದು ತೆಗೆಯಲು ಸಾಧ್ಯವಾಗುವುದು ಇದರಿಂದಲೇ. 1970ರ ದಶಕದಲ್ಲಿ 'ಶಕ್ತಿ' ತಂಡದಲ್ಲಿ ನಮ್ಮ ಕಲಾವಿದರೊಡನೆ ನುಡಿಸಿದ ಜಾನ್ ಮೆಕ್‌ಲಾಫ್ಲಿನ್ ಮೆಟ್ಟಿಲುಗಳ ನಡುವಿನ ಮರವನ್ನೇ ಕುಳಿಯಾಗಿ ಕೆತ್ತಿಸಿದ ಗಿಟಾರನ್ನು ಬಳಸಿದ್ದೂ ಈ ಗುಣಕ್ಕಾಗಿಯೇ. ಮ್ಯಾಂಡೊಲಿನ್ ಯು. ಶ್ರೀನಿವಾಸ್ ನಾಲ್ಕು ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ವಾದ್ಯವನ್ನು ಆರಿಸಿಕೊಂಡರು. ಸಂಗೀತಕ್ಕೆ ತಕ್ಕಂತೆ ವಾದ್ಯವನ್ನು ತಿದ್ದಿಕೊಂಡವರು ಇವರಿಬ್ಬರೂ.

ಹಾಗೆಂದು ಎತ್ತರದ ಮೆಟ್ಟಿಲು ಎಲ್ಲರಿಗೂ ಹಿತವಲ್ಲ. ಹೊಸಬರು ತಂತಿಯನ್ನು ಅಗತ್ಯಕ್ಕಿಂತ ಬಲವಾಗಿ ಅದುಮುತ್ತಾರೆ. ಎತ್ತರದ ಮೆಟ್ಟಿಲಿನ ಮೇಲೆ ಹಾಗೆ ಅದುಮಿದರೆ ಸ್ವರ ಮೇಲಕ್ಕೆ ಜಾರಿ ಅಪಶ್ರುತಿಯಾಗುತ್ತದೆ. ಚಲನಚಿತ್ರ ಗೀತೆಗಳಿಗೆ ಕಾರ್ಡ್ ಹಿಡಿದು ನುಡಿಸುವವರಿಗೆ ಮಧ್ಯಮ ಎತ್ತರವೇ ಸಾಕು. ಗಮಕವೇ ಗುರಿಯಾದವರು, ಹಗುರವಾಗಿ ಒತ್ತುವ ಅಭ್ಯಾಸ ಕೈಗೂಡಿದ ಬಳಿಕ ಎತ್ತರದ ತಂತಿಗೆ ಹೋಗುವುದು ಲೇಸು.

ಲೋಹದ ವಿಚಾರವೂ ಇದೆ. ಸಾಮಾನ್ಯವಾಗಿ ಬಳಸುವ ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿಯ ಅಂಶವಿಲ್ಲ; ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಲೋಹ. ಉಕ್ಕಿನ ತಂತಿಯನ್ನು ಪ್ರತಿದಿನ ಎಳೆದು ನುಡಿಸುವವರ ಗಿಟಾರಿನಲ್ಲಿ ಅದು ಸವೆದು ಗೀರು ಬೀಳುತ್ತದೆ. ತುಕ್ಕು ಹಿಡಿಯದ ಉಕ್ಕಿನ, ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಮೆಟ್ಟಿಲು ಬಹುಕಾಲ ಬಾಳುತ್ತದೆ. ಅದು ಅರ, ಗರಗಸಗಳ ಹರಿತವನ್ನು ಬೇಗ ಕೆಡಿಸುವುದರಿಂದ ಕೂಲಿ ಹೆಚ್ಚು. ನೈಲಾನ್ ತಂತಿಯ ಗಿಟಾರಿಗೆ ಆ ಖರ್ಚು ಬೇಕಿಲ್ಲ. ಸವೆದ ಮೆಟ್ಟಿಲುಗಳನ್ನು ಸಮಮಟ್ಟ ಮಾಡಿ ಮತ್ತೆ ಗುಂಡಗೆ ಉಜ್ಜುವಾಗಲೆಲ್ಲ ಎತ್ತರ ಇಳಿಯುತ್ತದೆ. ಮೊದಲೇ ತಗ್ಗಾದ ತಂತಿಗೆ ಈ ಚಿಕಿತ್ಸೆ ಹೆಚ್ಚು ಬಾರಿ ಮಾಡಲಾಗದು.

ದಂಡಿಯಲ್ಲಿ ನೋಡಬೇಕಾದ ಅಳತೆಗಳು ನಾಲ್ಕು. ಒಂದು, ಮೇರುವಿನ ಬಳಿಯ ಅಗಲ: ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸುಮಾರು 52 ಮಿ.ಮೀ., ಉಕ್ಕಿನ ತಂತಿಯದಕ್ಕೆ 43ರಿಂದ 45 ಮಿ.ಮೀ. ಎರಡು, ದಪ್ಪ: ಮೊದಲ ಮೆಟ್ಟಿಲಿನಲ್ಲಿ 20 ಮಿ.ಮೀ. ಆದರೆ ತೆಳು, 24 ಮಿ.ಮೀ. ಆದರೆ ತುಂಬು. ತೆಳುವಾದುದೇ ಸುಲಭವೆಂಬ ನಂಬಿಕೆ ಪೂರ್ತಿ ನಿಜವಲ್ಲ. ದೊಡ್ಡ ಅಂಗೈಯವರಿಗೆ ತೆಳು ದಂಡಿ ಹೆಬ್ಬೆರಳನ್ನು ಹಿಂಡುತ್ತದೆ. ಮೂರು, ಹಲಗೆಯ ಮೇಲ್ಮೈಯ ಬಾಗು: 7.25 ಅಂಗುಲ ತ್ರಿಜ್ಯದ ಹೆಚ್ಚು ಬಾಗಿದ ಹಲಗೆ ಕಾರ್ಡಿಗೆ ಹಿತ. ಆದರೆ ಮೇಲಿನ ಸ್ಥಾಯಿಯಲ್ಲಿ ತಂತಿಯನ್ನು ದೂರ ಎಳೆದಾಗ ನಾದ ಉಸಿರುಗಟ್ಟಿದಂತೆ ನಿಲ್ಲುವುದುಂಟು. 12ರಿಂದ 16 ಅಂಗುಲ ತ್ರಿಜ್ಯದ ಚಪ್ಪಟೆ ಹಲಗೆ ಎಳೆತಕ್ಕೆ ಅನುಕೂಲ. ನಾಲ್ಕು, ಸ್ಕೇಲಿನ ಉದ್ದ: ಅದೇ ತಂತಿ, ಅದೇ ಶ್ರುತಿಯಲ್ಲಿ 648ಕ್ಕೆ ಬದಲು 628 ಮಿ.ಮೀ. ಆರಿಸಿದರೆ ಬಿಗಿತ ಸುಮಾರು ನೂರಕ್ಕೆ ಆರರಷ್ಟು ಇಳಿದು ಗಮಕ ಸುಲಭವಾಗುತ್ತದೆ.

ಹವೆಯನ್ನೂ ಮರೆಯಲಾಗದು. ಕಡಲ ತೀರದ ತೇವದಲ್ಲಿ ತಯಾರಾದ ಗಿಟಾರ್ ಒಳನಾಡಿನ ಒಣ ಬೇಸಿಗೆಗೆ ಬಂದಾಗ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಮೆಟ್ಟಿಲುಗಳ ತುದಿ ಹೊರಚಾಚಿ ಅಂಗೈಯನ್ನು ತರಚುತ್ತದೆ. ಇದನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಗಾಬರಿಯಿಂದ ವಾದ್ಯ ಮಾರಬೇಕಾಗಿಲ್ಲ.

ಹೊಸೂರಿನವರು ಗಿಟಾರ್ ಮಾಡಿಸುವುದಾದರೂ ಮೆಟ್ಟಿಲು ಬದಲಿಸುವುದಾದರೂ ಬೆಂಗಳೂರಿಗೆ ಹೋಗುವುದು ಸಹಜ. ಅಲ್ಲಿ ಬಾಯಿಮಾತಿನ ಒಪ್ಪಂದ ಸಾಲದು. ಸ್ಕೇಲ್, ಮೇರುವಿನ ಅಗಲ, ಮೊದಲ ಮತ್ತು ಹನ್ನೆರಡನೆಯ ಮೆಟ್ಟಿಲುಗಳಲ್ಲಿ ದಪ್ಪ, ಹಲಗೆಯ ತ್ರಿಜ್ಯ, ಮೆಟ್ಟಿಲಿನ ತಂತಿಯ ಅಗಲ, ಎತ್ತರ ಮತ್ತು ಲೋಹ, ಇಷ್ಟನ್ನೂ ಕಾಗದದ ಮೇಲೆ ಬರೆಯಿಸಿ, ಸಹಿ ಪಡೆದು, ರಸೀದಿಯೊಡನೆ ಇಟ್ಟುಕೊಳ್ಳಬೇಕು. ಒಪ್ಪಿದ ಅಳತೆಗೆ ಕೆಲಸ ಬಾರದೆ ಹೋದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಗಡಿ ದಾಟಿ ಅಲೆಯಬೇಕಾಗಿಲ್ಲ. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದ ಕಾಲಮಿತಿ ಇದೆ. ಕಾಗದವಿದ್ದರೆ ಹಲವು ಸಂದರ್ಭಗಳಲ್ಲಿ ಆ ಹಂತದವರೆಗೆ ಹೋಗಬೇಕಾಗಿಯೂ ಬಾರದು, ಏಕೆಂದರೆ ಅಳತೆ ಬರೆದುಕೊಂಡ ಕೆಲಸಗಾರನು ಅಳೆದೇ ಕೊಯ್ಯುತ್ತಾನೆ.

ಹೆತ್ತವರು ಮಾಡಬೇಕಾದ ಮೊದಲ ಕೆಲಸ ಇದಕ್ಕಿಂತ ಸರಳ. ಅಂಗಡಿಗೆ ಹೋಗುವಾಗ ಮಗುವನ್ನು ಕರೆದೊಯ್ಯಬೇಕು. ಮೂರು ನಾಲ್ಕು ಬಗೆಯ ದಂಡಿಗಳನ್ನು ತಲಾ ಹತ್ತು ನಿಮಿಷ ಹಿಡಿದು, ತನಗೆ ಬರುವ ಒಂದು ವರ್ಣದ ಎರಡು ಆವರ್ತ ನುಡಿಸಲಿ. ಯಾವುದರಲ್ಲಿ ಮಣಿಕಟ್ಟು ನೋಯಲಿಲ್ಲ, ಯಾವುದರಲ್ಲಿ ಗಾಂಧಾರ ತಾನೆಣಿಸಿದಂತೆ ಓಲಾಡಿತು ಎಂಬುದನ್ನು ಮಗುವೇ ಹೇಳುತ್ತದೆ. ಆ ದಂಡಿಯ ಅಳತೆಯನ್ನು ಬರೆದುಕೊಂಡು ಬಂದರೆ ಮುಂದಿನ ಮಾತು ಕೆಲಸಗಾರನೊಡನೆ.