ನೋಯಿಸದ ಗದೆ

ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಅಟ್ಟ ಕಟ್ಟಿ ರಾತ್ರಿಯಿಡೀ ದೊಡ್ಡಾಟವಾಡುವುದು ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಬೆಳಗಿನ ಜಾವ ಭೀಮ ದುರ್ಯೋಧನರು ಗದೆಯೆತ್ತಿ ಎದುರುಬದುರಾಗಿ ನಿಂತರೆಂದರೆ ತೂಕಡಿಸುತ್ತಿದ್ದವರೂ ಎದ್ದು ಕುಳಿತುಕೊಳ್ಳುವರು. ಏಟುಗಳೆಲ್ಲವೂ ತಾಲೀಮಿನಲ್ಲಿ ಗೊತ್ತುಮಾಡಿಕೊಂಡವೇ. ಆದರೂ ನಿದ್ದೆಗೆಟ್ಟ ವೇಷಧಾರಿಯ ಹೆಜ್ಜೆ ಗೇಣಷ್ಟು ತಪ್ಪಿದರೆ, ಗಾಳಿಯನ್ನು ಸೀಳಬೇಕಾದ ಮರದ ಗದೆ ಎದುರಿನವನ ಕಿವಿಗೆ ತಗಲುವುದು. ತಪ್ಪಿ ಬಿದ್ದ ಏಟು ನೋಯಿಸದಂತೆ ಆಯುಧವನ್ನು ಮಾಡಲು ಸಾಧ್ಯವೆ?

ಈ ಪ್ರಶ್ನೆ ನಮ್ಮವರಿಗೆ ಮಾತ್ರ ಬಂದುದಲ್ಲ. 1982ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ‘ಟ್ರೆಷರ್ ಟ್ರ್ಯಾಪ್’ ಎಂಬ ಆಟ ಮೊದಲಾಯಿತು. ಆಟಗಾರರು ವೇಷ ತೊಟ್ಟು, ಬರೆದಿಟ್ಟ ಮಾತುಗಳಿಲ್ಲದೆ, ತಮ್ಮ ಪಾತ್ರವನ್ನು ತಾವೇ ನಡೆಸುವ ಈ ಬಗೆಯ ಆಟಕ್ಕೆ ಇಂದು ‘ಲಾರ್ಪ್’ ಎಂದು ಹೆಸರು. ಇದರಲ್ಲಿ ಏಟು ನಿಜವಾಗಿಯೂ ಮೈಮೇಲೆ ಬೀಳುತ್ತದೆ. ಆದುದರಿಂದಲೇ ಅಲ್ಲಿ ಫೋಮಿನ ಆಯುಧಗಳು ಬಳಕೆಗೆ ಬಂದುವು.

ಫೋಮು ಏಟನ್ನು ಹೇಗೆ ನುಂಗುತ್ತದೆ? ಆಯುಧದ ತುದಿಯಲ್ಲಿ 100 ಗ್ರಾಂ ರಾಶಿಯು ಸೆಕೆಂಡಿಗೆ 10 ಮೀಟರು ವೇಗದಿಂದ ಬಂದು ತಾಗಿತೆಂದು ಭಾವಿಸೋಣ. ಅದರ ಚಲನಶಕ್ತಿ 5 ಜೂಲ್. ಗಟ್ಟಿ ಮರವು ಮೈಯನ್ನು ತಾಕಿ 2 ಮಿಲಿಮೀಟರಿನಲ್ಲಿಯೇ ನಿಂತರೆ ಸರಾಸರಿ ಬಲ 2,500 ನ್ಯೂಟನ್. ಎಂದರೆ ಸುಮಾರು 250 ಕಿಲೋಗ್ರಾಂ ಭಾರಕ್ಕೆ ಸಮ. ಅದೇ ತುದಿ 30 ಮಿಲಿಮೀಟರು ದಪ್ಪದ ಮೆತ್ತೆಯನ್ನು ಅದುಮುತ್ತ 20 ಮಿಲಿಮೀಟರು ಸಾಗಿ ನಿಂತರೆ ಬಲ 250 ನ್ಯೂಟನ್ನಿಗೆ ಇಳಿಯುತ್ತದೆ. ಶಕ್ತಿ ಅಷ್ಟೇ, ನಿಲ್ಲುವ ದೂರ ಹತ್ತು ಪಟ್ಟಾದುದರಿಂದ ಬಲ ಹತ್ತರಲ್ಲೊಂದಾಯಿತು. ಮೆತ್ತೆ ಅಗಲವಾಗಿ ತಾಗುವುದರಿಂದ ಒತ್ತಡ ಇನ್ನೂ ಕಡಿಮೆ.

ಎರಡನೆಯ ಉಪಾಯ ಹಗುರತನ. 20 ಸೆಂಟಿಮೀಟರು ಅಡ್ಡಳತೆಯ ಗದೆಯ ಗುಂಡನ್ನು ಗಟ್ಟಿಮರದಿಂದ ಕಡೆದರೆ ಸುಮಾರು ಎರಡೂವರೆ ಕಿಲೋಗ್ರಾಂ ತೂಗುವುದು. ಘನಮೀಟರಿಗೆ 30 ಕಿಲೋಗ್ರಾಂ ತೂಗುವ ಪಾಲಿಥೀನ್ ಫೋಮಿನಿಂದ ಮಾಡಿದರೆ ಸುಮಾರು 125 ಗ್ರಾಂ ಮಾತ್ರ. ಮೇಲೆ ಬಣ್ಣ ಬಳಿದು ಬೇಗಡೆ ಅಂಟಿಸಿದರೆ ನೋಡುವವರಿಗೆ ಭೇದ ತಿಳಿಯದು. ಭಾರವಿರಲೆಂದು ಒಳಗೆ ಮರಳನ್ನೋ ಕಲ್ಲನ್ನೋ ತುಂಬಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಎಲ್ಲ ಫೋಮೂ ಒಂದೇ ಅಲ್ಲ. ಹಾಸಿಗೆಯ ಸ್ಪಂಜಿನ ಗುಳ್ಳೆಗಳು ಒಂದರೊಳಗೊಂದು ತೆರೆದಿರುವುದರಿಂದ ಗಾಳಿ ಹೊರಹೋಗಿ ಅದು ಬೇಗ ಚಪ್ಪಟೆಯಾಗುತ್ತದೆ. ಒಳಗಿನ ಕೋಲು ಮೈಗೆ ತಾಗುತ್ತದೆ. ಒಂದೊಂದು ಗುಳ್ಳೆಯೂ ಮುಚ್ಚಿಕೊಂಡಿರುವ ಫೋಮನ್ನೇ ಆರಿಸಬೇಕು. ನಡುಗೋಲಿಗೆ ಫೈಬರ್‌ಗ್ಲಾಸ್ ಸರಳು ಉತ್ತಮ. ಕಬ್ಬಿಣ ಕೂಡದು, ಬಿದಿರು ಸೀಳಿದರೆ ಅದರ ಸಿಬಿರೇ ಚೂರಿಯಾಗುವುದು, ಬಿಸಿಲಿನಲ್ಲಿ ಬಹುದಿನ ಬಿದ್ದ ಪಿ.ವಿ.ಸಿ. ಕೊಳವೆ ಪೆಡಸಾಗಿ ಒಡೆಯುವುದು. ನಡುಗೋಲಿನ ತುದಿಗೆ ಚರ್ಮದ ಇಲ್ಲವೆ ರಬ್ಬರಿನ ಬಿಲ್ಲೆಯನ್ನು ಭದ್ರವಾಗಿ ಅಂಟಿಸಿ, ಅದರಾಚೆಗೆ ನಾಲ್ಕು ಬೆರಳಷ್ಟಾದರೂ ಬರೀ ಫೋಮು ಇರುವಂತೆ ನೋಡಿಕೊಳ್ಳಬೇಕು. ಇಷ್ಟಾದರೂ ಕತ್ತಿಯಿಂದ ತಿವಿಯಬಾರದು. ಏಕೆಂದರೆ ತಿವಿದಾಗ ಕೋಲು ಮೆತ್ತೆಯನ್ನು ತೂರಿ ಬರಬಹುದು.

ಕೊಳ್ಳುವವರೂ ಪ್ರತಿ ಆಟಕ್ಕೆ ಮುನ್ನ ಆಡುವವರೂ ಮೂರು ಪರೀಕ್ಷೆಗಳನ್ನು ಮಾಡತಕ್ಕದ್ದು. ಹೆಬ್ಬೆರಳಿನಿಂದ ಉದ್ದಕ್ಕೂ ಅದುಮಿ ನೋಡಿ: ಕೋಲು ಸಿಕ್ಕಿದರೆ ಮೆತ್ತೆ ಸಾಲದು. ಮೆಲ್ಲನೆ ಬಾಗಿಸಿ ಬಿಡಿ: ಒಳಗೆ ಸದ್ದಾದರೆ ಕೋಲು ಬಿರಿದಿದೆ. ತುದಿಯನ್ನು ಹಿಡಿದು ಅಲ್ಲಾಡಿಸಿ: ಸಡಿಲವಾಗಿದ್ದರೆ ಅಂಟು ಬಿಟ್ಟಿದೆ. ಕೊನೆಗೆ ಆ ಆಯುಧದಿಂದ ನಿಮ್ಮ ತೊಡೆಗೆ ನೀವೇ ಒಂದು ಏಟು ಕೊಟ್ಟುಕೊಳ್ಳಿ. ತನಗೆ ಬೇಡವೆನಿಸಿದ ಏಟನ್ನು ಗೆಳೆಯನಿಗೆ ಕೊಡುವುದು ನ್ಯಾಯವಲ್ಲ. ಎಷ್ಟೇ ಮೆತ್ತಗಿದ್ದರೂ ಮುಖ, ಕಣ್ಣು, ಗಂಟಲುಗಳತ್ತ ಬೀಸಲೇಕೂಡದು.

ಫೋಮಿಗೆ ಮರಕ್ಕಿಂತ ದೊಡ್ಡ ದೋಷವೊಂದುಂಟು: ಅದು ಬೇಗ ಹೊತ್ತಿಕೊಳ್ಳುತ್ತದೆ; ಉರಿಯುತ್ತ ಕರಗಿ ತೊಟ್ಟಿಕ್ಕುತ್ತದೆ; ಆ ಹನಿ ಚರ್ಮಕ್ಕೆ ಅಂಟಿ ಸುಡುತ್ತದೆ. ರಾಕ್ಷಸ ಪಾತ್ರದ ಪ್ರವೇಶಕ್ಕೆ ಪಂಜಿನ ಮೇಲೆ ರಾಳದ ಪುಡಿ ಎರಚುವಲ್ಲಿ ಈ ಆಯುಧ ಹತ್ತಿರ ಸುಳಿಯಬಾರದು. ಅಂಟಿನ ಆವಿಯೂ ಹೊತ್ತಿಕೊಳ್ಳುವಂಥದು. ತಯಾರಿಕೆಯನ್ನು ಗಾಳಿಯಾಡುವೆಡೆಯಲ್ಲಿ, ಒಲೆ ಬೀಡಿಗಳಿಂದ ದೂರದಲ್ಲಿ ನಡೆಸಬೇಕು.

ಫೋಮಿನ ಗದೆ ಸದ್ದು ಮಾಡದೆಂದು ಹಿರಿಯರು ಆಕ್ಷೇಪಿಸಬಹುದು. ಏಟಿನ ಸದ್ದನ್ನು ಮದ್ದಳೆ ಕೊಡಲಿ. ಕೋಪವನ್ನು ವೇಷಧಾರಿಯ ಕಣ್ಣು ಕೊಡಲಿ. ತೊಡೆ ಮುರಿದು ಬಿದ್ದ ದುರ್ಯೋಧನನು ಮಂಗಳವಾದ ಮೇಲೆ ಭೀಮನೊಡನೆ ನಗುನಗುತ್ತ ಮನೆಗೆ ನಡೆದುಹೋಗುವಂತಿರಬೇಕಾದುದೇ ಮುಖ್ಯ.